‘ಮನೆಯಲ್ಲೇ ಒಂದು ಬಿಯರ್ ಕುಡೀಲಿ ಬಿಡಿ’ ಅನ್ನುವ ಮುಂಚೆ: ಹದಿಹರೆಯದವರ ಪಾರ್ಟಿ ಮತ್ತು ಕುಡಿತದ ಬಗ್ಗೆ ಅಪ್ಪ-ಅಮ್ಮಂದಿರಿಗೆ ಮಾರ್ಗದರ್ಶಿ

ಪರೀಕ್ಷೆ ಮುಗಿಯುವ ಹೊತ್ತಿಗೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಗನದ್ದು ಎಸ್ಸೆಸ್ಸೆಲ್ಸಿ ಆಯಿತು, ಇಲ್ಲವೇ ಮಗಳದ್ದು ಪಿಯುಸಿ ಆಯಿತು. ಗೆಳೆಯರೆಲ್ಲ ಸೇರಿ ಪಾರ್ಟಿ ಮಾಡುತ್ತಾರಂತೆ. ‘ಎಲ್ಲೋ ಹೋಗಿ ಕದ್ದು ಕುಡಿಯೋದಕ್ಕಿಂತ ನಮ್ಮ ಕಣ್ಣೆದುರಿಗೇ ಒಂದೊಂದು ಬಿಯರ್ ಕುಡಿದರೆ ವಾಸಿ ಅಲ್ವಾ?’ ಡಿಸೆಂಬರ್ ಕೊನೆಯಲ್ಲೂ ಇದೇ ಪ್ರಶ್ನೆ.

ನೇರವಾಗಿ ಹೇಳುತ್ತೇನೆ. ವಾಸಿ ಅಲ್ಲ. ಕೊಡಬೇಡಿ.

ಈ ಪ್ರಶ್ನೆಯ ಹಿಂದೆ ಪ್ರೀತಿ ಇದೆ, ಭಯವೂ ಇದೆ. ಅದು ನನಗೆ ಗೊತ್ತು. ಆದರೆ ನಮ್ಮ ಲೆಕ್ಕ ಒಂದು ಕಡೆ ತಪ್ಪುತ್ತದೆ. ನಾವು ‘ಒಂದೇ ಬಿಯರ್, ಮನೆಯಲ್ಲಿ ಮಾತ್ರ’ ಅಂತ ಮಿತಿ ಹಾಕಿದ್ದೇವೆ ಅಂದುಕೊಳ್ಳುತ್ತೇವೆ. ಮಕ್ಕಳಿಗೆ ಅದರಲ್ಲಿ ಕೇಳಿಸುವುದು ‘ಕುಡಿಯಬಹುದು’ ಅನ್ನುವ ಭಾಗ ಮಾತ್ರ. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಮಕ್ಕಳನ್ನು ಆರು ವರ್ಷ ಗಮನಿಸಿ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಪ್ಪ-ಅಮ್ಮನೇ ಮದ್ಯ ಕೊಟ್ಟಿದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಸಿಕ್ಕಿದ್ದು ಅದರಲ್ಲಿ ಕಾಣಲಿಲ್ಲ. ಬದಲಿಗೆ, ಮನೆಯಲ್ಲಿ ಸಿಕ್ಕ ಮಕ್ಕಳು ಮುಂದೆ ಹೊರಗಿನವರಿಂದಲೂ ಪಡೆದು ಕುಡಿಯುವುದು ಜಾಸ್ತಿ ಇತ್ತು.

ಹಾಗಂತ ಬಾಗಿಲಿಗೆ ಬೀಗ ಹಾಕಿ ಕೂರಿಸಿ ಅಂತಲೂ ನಾನು ಹೇಳುವುದಿಲ್ಲ. ಬರೀ ಹೊಡೆತ-ಬೈಗುಳದ ಭಯ ಇರುವ ಮನೆಯ ಮಕ್ಕಳೇ ಆಪತ್ತಿನಲ್ಲಿ ಫೋನ್ ಮಾಡುವುದಿಲ್ಲ. ನಮಗೆ ಬೇಕಾಗಿರುವುದು ಎರಡೂ ಒಟ್ಟಿಗೆ. ಕುಡಿತಕ್ಕೆ ಖಡಾಖಂಡಿತ ‘ಇಲ್ಲ’. ‘ಅಮ್ಮಾ, ಬಂದು ಕರ್ಕೊಂಡು ಹೋಗು’ ಅನ್ನುವ ಕರೆಗೆ ಯಾವ ಹೊತ್ತಿನಲ್ಲೂ ‘ಬಂದೆ’. ಇದನ್ನು ಮನೆಯಲ್ಲಿ ಜಾರಿಗೆ ತರುವುದು ಹೇಗೆ ಅನ್ನುವುದನ್ನು ಕೆಳಗೆ ಒಂದೊಂದಾಗಿ ಬರೆದಿದ್ದೇನೆ.

ಮೊದಲು ಏನೇನು ಬೇಕು

ದೊಡ್ಡ ತಯಾರಿ ಏನಿಲ್ಲ. ಮಕ್ಕಳ ಹತ್ತಿರದ ಗೆಳೆಯರ ಅಪ್ಪ-ಅಮ್ಮಂದಿರ ನಂಬರ್. ಪಾರ್ಟಿ ರಾತ್ರಿ ತಾನೂ ಕುಡಿಯದೆ, ಗಾಡಿ ತೆಗೆಯಲು ಸಿದ್ಧವಾಗಿರುವ ಒಬ್ಬ ದೊಡ್ಡವರು. ಮನೆಯಲ್ಲಿ ಮದ್ಯ ಇಡುವವರಾದರೆ ಬೀಗ ಇರುವ ಒಂದು ಕಪಾಟು. ಫೋನಿನಲ್ಲಿ ನಾಲ್ಕು ನಂಬರ್: ಆಂಬುಲೆನ್ಸ್‌ಗೆ 108, ತುರ್ತು ನೆರವಿಗೆ 112, ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಈಗಲೇ ಸೇವ್ ಮಾಡಿಕೊಳ್ಳಿ. ಆಮೇಲೆ ಹುಡುಕಲು ಪುರುಸೊತ್ತು ಇರುವುದಿಲ್ಲ.

1. ಮನೆಯ ದೊಡ್ಡವರು ಒಂದು ಮಾತಿಗೆ ಬನ್ನಿ

ಅಮ್ಮ ‘ಬೇಡ’ ಅನ್ನುವುದು, ಅಪ್ಪ ‘ಹೋಗಲಿ ಬಿಡೇ, ನಾವೂ ಆ ವಯಸ್ಸಲ್ಲಿ ಮಾಡಿದ್ವಿ’ ಅನ್ನುವುದು. ಹದಿನಾರರ ಹುಡುಗನಿಗೆ ಈ ಸಂದಿ ಸಾಕು. ಅದರಲ್ಲೇ ನುಸುಳುತ್ತಾನೆ. ಹಾಗಾಗಿ ಮಕ್ಕಳ ಹತ್ತಿರ ಮಾತಾಡುವ ಮುಂಚೆ ಗಂಡ-ಹೆಂಡತಿ ಕೂತು ಮಾತಾಡಿ. ಭಿನ್ನಾಭಿಪ್ರಾಯ ಇದ್ದರೆ ಅದು ನಿಮ್ಮಿಬ್ಬರ ನಡುವೆಯೇ ಮುಗಿಯಲಿ.

ಮಾವ, ಚಿಕ್ಕಪ್ಪ, ಭಾವ ಇವರಿಗೂ ಮೊದಲೇ ಹೇಳಿಡಿ. ಬಾಡೂಟದ ದಿನ, ನಾಮಕರಣದ ದಿನ, ಊರ ಹಬ್ಬದ ದಿನ ‘ಬಾರೋ, ಒಂದು ಸಿಪ್ ಹಾಕು, ಗಂಡಸಾಗು’ ಅಂತ ಗ್ಲಾಸ್ ಮುಂದೆ ಹಿಡಿಯುವ ನೆಂಟರು ಸಾಕಷ್ಟು ಮನೆಗಳಲ್ಲಿ ಇರುತ್ತಾರೆ. ಎಷ್ಟೋ ಮಕ್ಕಳ ಮೊದಲ ಗುಟುಕು ಹೀಗೆ ನಮ್ಮವರ ಕೈಯಿಂದಲೇ ಸಿಗುತ್ತದೆ. ಮನೆಯಲ್ಲೇ ವೈನ್ ಮಾಡುವ ರೂಢಿ ಇರುವ ಕಡೆಯೂ ಅಷ್ಟೇ. ಪದ್ಧತಿ ಅನ್ನುವ ಕಾರಣಕ್ಕೆ ಹದಿನೈದರ ಮಗುವಿನ ಲಿವರ್ ಬೇರೆ ಥರ ಕೆಲಸ ಮಾಡುವುದಿಲ್ಲ. ‘ಮಾವ, ಅವನಿಗೆ ಕೊಡಬೇಡಿ’ ಅಂತ ಎಲ್ಲರೆದುರು ಹೇಳುವುದು ಮುಜುಗರ. ಹಿಂದಿನ ದಿನ ಫೋನಿನಲ್ಲಿ ಹೇಳಿದರೆ ಅಷ್ಟು ಮುಜುಗರ ಇರುವುದಿಲ್ಲ.

ನೀವು ಕುಡಿಯುವವರಾದರೆ? ನಿಮ್ಮನ್ನು ಬಿಡಿ ಅನ್ನುವುದು ಈ ಲೇಖನದ ಕೆಲಸ ಅಲ್ಲ. ಆದರೆ ಎರಡು ಕೆಲಸ ಇವತ್ತೇ ಮಾಡಿ. ಬಾಟಲಿ ಶೋಕೇಸಿನಿಂದ ಬೀಗದ ಕಪಾಟಿಗೆ ಹೋಗಲಿ. ಮತ್ತೆ, ‘ಪುಟ್ಟಾ, ಸ್ವಲ್ಪ ಐಸ್ ತಾ’, ‘ಕೆಳಗೆ ಹೋಗಿ ಸೋಡಾ, ಕಡ್ಲೆಬೀಜ ತಗೊಂಡು ಬಾ’ ಅನ್ನುವುದನ್ನು ನಿಲ್ಲಿಸಿ.

2. ಕಾನೂನು ಏನು ಹೇಳುತ್ತದೆ, ತಿಳಿದುಕೊಳ್ಳಿ

‘ನಮ್ಮ ಮನೆ, ನಮ್ಮ ಮಕ್ಕಳು, ಯಾರೇನು ಮಾಡ್ತಾರೆ’ ಅನ್ನುವವರು ಇದನ್ನು ಎರಡು ಸಲ ಓದಬೇಕು.

2015ರ ಬಾಲನ್ಯಾಯ ಕಾಯ್ದೆ ಅಂತ ಒಂದಿದೆ. 18 ವರ್ಷ ತುಂಬದವರ ರಕ್ಷಣೆಗಾಗಿ ಇರುವ ಕೇಂದ್ರದ ಕಾನೂನು ಇದು. ಅದರ 77ನೇ ಕಲಂ ಪ್ರಕಾರ ಮಗುವಿಗೆ ಮದ್ಯ ಕೊಟ್ಟವರಿಗೆ ಅಥವಾ ಕೊಡಿಸಿದವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿಯವರೆಗೆ ದಂಡ. ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ವಿನಾಯಿತಿ. ಅಪ್ಪ-ಅಮ್ಮ ಆದರೆ ಪರವಾಗಿಲ್ಲ ಅಂತ ಎಲ್ಲೂ ಬರೆದಿಲ್ಲ. ನಿಮ್ಮ ಮನೆಯಲ್ಲಿ ಬೇರೆಯವರ ಹತ್ತು ಮಕ್ಕಳಿಗೆ ಬಿಯರ್ ಹಂಚಿದರೆ, ಆ ಹತ್ತೂ ಮಕ್ಕಳಿಗೆ ಕೊಟ್ಟವರು ನೀವೇ ಆಗುತ್ತೀರಿ.

78ನೇ ಕಲಂ ಇನ್ನೂ ಜನರಿಗೆ ಗೊತ್ತಿಲ್ಲ. ಮಕ್ಕಳ ಕೈಯಲ್ಲಿ ಮದ್ಯ ಮಾರಿಸುವುದು, ಸಾಗಿಸುವುದು, ತಲುಪಿಸುವುದು ಇದರಡಿ ಅಪರಾಧ. ಶಿಕ್ಷೆ ಅಷ್ಟೇ. ‘ಅಂಗಡಿಯಿಂದ ಒಂದು ಕ್ವಾರ್ಟರ್ ತಗೊಂಡು ಬಾ’ ಅಂತ ಹುಡುಗನನ್ನು ಓಡಿಸುವವರು ನೆನಪಿಡಿ.

ಇನ್ನು ಮಾರಾಟದ ವಯಸ್ಸು. ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸಿನ ಷರತ್ತಿನ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಅದನ್ನು 18ಕ್ಕೆ ಇಳಿಸುವ ಪ್ರಸ್ತಾಪ 2023ರ ಆರಂಭದಲ್ಲಿ ಬಂದಿತ್ತು. ಜನರ ವಿರೋಧದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. ಹಾಗಾಗಿ ‘ಹದಿನೆಂಟಾಯ್ತಲ್ಲ’ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಗಾಡಿಯ ವಿಷಯ ಇದಕ್ಕಿಂತ ಭಾರ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ, ವಯಸ್ಸಾಗದವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಪುಣೆಯ ಕಲ್ಯಾಣಿ ನಗರದಲ್ಲಿ 2024ರ ಮೇ 19ರ ನಸುಕಿನಲ್ಲಿ ಆಗಿದ್ದು ಎಲ್ಲರಿಗೂ ನೆನಪಿರಬೇಕು. 17 ವರ್ಷದ ಹುಡುಗ. ಗೆಳೆಯರ ಜೊತೆ ಪಬ್‌ನಲ್ಲಿ ಪಾರ್ಟಿ ಮುಗಿಸಿ, ಮನೆಯವರ ಪೋರ್ಷೆ ಕಾರಿನಲ್ಲಿ ಹೊರಟ. ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಹುಡುಗನ ಅಪ್ಪನ ಮೇಲೂ, ಪಬ್‌ನವರ ಮೇಲೂ ಬಾಲನ್ಯಾಯ ಕಾಯ್ದೆಯಡಿ ಕೇಸ್ ಬಿತ್ತು. ಅಪ್ಪ ಬಂಧನಕ್ಕೊಳಗಾದರು. ಮಗ ಪಾರ್ಟಿಗೆ ಹೋಗುವುದು ಅಪ್ಪನಿಗೆ ಗೊತ್ತಿತ್ತು, ಲೈಸೆನ್ಸ್ ಇಲ್ಲದ ಮಗನಿಗೆ ಕಾರು ಕೊಟ್ಟರು ಅನ್ನುವುದೇ ಪೊಲೀಸರ ಆರೋಪವಾಗಿತ್ತು.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಮೆರಿಕದಲ್ಲಿ ಮದ್ಯ ಕೊಳ್ಳುವ ವಯಸ್ಸು 21. ಮನೆಯಲ್ಲಿ ಪಾರ್ಟಿ ಮಾಡಿ ಮಕ್ಕಳು ಕುಡಿಯಲು ಬಿಟ್ಟ ಮನೆಯವರನ್ನೇ ಹೊಣೆ ಮಾಡುವ ಕಾನೂನು ಅಲ್ಲಿನ ಸಾಕಷ್ಟು ರಾಜ್ಯಗಳಲ್ಲಿದೆ. ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ.

3. ಮಗ, ಮಗಳ ಜೊತೆ ಮಾತಾಡಿ. ಪಾರ್ಟಿ ದಿನ ಅಲ್ಲ, ವಾರ ಮುಂಚೆ

ಡೈನಿಂಗ್ ಟೇಬಲ್ ಮೇಲೆ ವಿಚಾರಣೆ ಥರ ಕೂರಿಸಬೇಡಿ. ಸ್ಕೂಟರಿನಲ್ಲಿ ಟ್ಯೂಷನ್‌ಗೆ ಬಿಡುವಾಗ, ಪಾತ್ರೆ ಒರೆಸುವಾಗ, ರಾತ್ರಿ ನಡೆಯಲು ಹೋದಾಗ ಮಾತು ಸಲೀಸು. ಮುಖ ನೋಡಿಕೊಂಡು ಕೂರದಿದ್ದರೆ ಹದಿಹರೆಯದವರ ಬಾಯಿ ಬೇಗ ಬಿಡುತ್ತದೆ.

ಮೊದಲು ಕೇಳಿ. ‘ನಿಮ್ಮ ಕ್ಲಾಸಲ್ಲಿ ಕುಡಿಯೋರು ಇದಾರಾ?’ ಅಂತ ಸುಮ್ನೆ ಕೇಳಿ. ಹೆಸರು ಕೇಳಬೇಡಿ. ಹೆಸರು ಕೇಳಿದರೆ ಮಾತು ಅಲ್ಲಿಗೇ ನಿಂತಿತು. ಆಮೇಲೆ ನಿಮ್ಮ ನಿಲುವು ಹೇಳಿ. ಹೇಳುವುದು ಚಿಕ್ಕದಾಗಿರಲಿ. ಈ ರೀತಿ:

‘ನೋಡು ಮಗಾ, ನೀನು ಕುಡಿಯೋದು ನಮಗೆ ಒಪ್ಪಿಗೆ ಇಲ್ಲ. ಒಂದು ಬಿಯರ್ ಕೂಡ ಇಲ್ಲ. ನಿನ್ನ ಮೆದುಳು ಇನ್ನೂ ಬೆಳೀತಾ ಇದೆ. ಆದ್ರೆ ಅಲ್ಲಿ ಏನೇ ಆದ್ರೂ, ನೀನು ಕುಡಿದಿದ್ರೂ ಸರಿ, ನನಗೆ ಫೋನ್ ಮಾಡು. ಬರ್ತೀನಿ. ಆ ರಾತ್ರಿ ಬೈಯಲ್ಲ. ಬೆಳಿಗ್ಗೆ ಮಾತಾಡೋಣ.’

‘ಮೆದುಳು ಬೆಳೀತಾ ಇದೆ’ ಅನ್ನುವುದು ಹೆದರಿಸಲು ಹೇಳುವ ಮಾತಲ್ಲ. ಹಣೆಯ ಹಿಂದಿನ ಮೆದುಳಿನ ಭಾಗ, ಅಂದರೆ ಯೋಚಿಸಿ ನಿರ್ಧಾರ ಮಾಡುವ, ಆಸೆಗೆ ಬ್ರೇಕ್ ಹಾಕುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಕಲಿಕೆ, ನೆನಪಿನ ಭಾಗಗಳ ಮೇಲೂ ಈ ವಯಸ್ಸಿನಲ್ಲಿ ಮದ್ಯದ ಏಟು ಜಾಸ್ತಿ. ಎಷ್ಟು ಚಿಕ್ಕ ವಯಸ್ಸಿನಲ್ಲಿ ಶುರುವಾಗುತ್ತದೋ ಮುಂದೆ ಚಟವಾಗುವ ಸಾಧ್ಯತೆಯೂ ಅಷ್ಟು ಜಾಸ್ತಿ.

ಒಂದು ಲೆಕ್ಕವನ್ನು ಮಕ್ಕಳಿಗೆ ಕಾಗದದ ಮೇಲೆ ಬರೆದು ತೋರಿಸಿ. ಉಪದೇಶಕ್ಕಿಂತ ಇದು ನಾಟುತ್ತದೆ. ವೈದ್ಯರು ‘ಒಂದು ಯೂನಿಟ್’ ಅಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ವಿಸ್ಕಿ, ರಮ್‌ನಲ್ಲಾದರೆ 30 ಎಂಎಲ್, ಅಂದರೆ ಒಂದು ಸ್ಮಾಲ್. 90 ಎಂಎಲ್‌ನ ಟೆಟ್ರಾ ಪ್ಯಾಕ್, ಜ್ಯೂಸ್ ಡಬ್ಬಿಯಂತೆ ಕಾಣುವ ಆ ಕಾಗದದ ಪೊಟ್ಟಣ, ಮೂರು ಯೂನಿಟ್. ‘ಬರೀ ಬಿಯರ್ ತಾನೇ’ ಅನ್ನುತ್ತಾರಲ್ಲ, 8 ಪರ್ಸೆಂಟ್ ಇರುವ 650 ಎಂಎಲ್ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಇರುವುದು ಸುಮಾರು 41 ಗ್ರಾಂ. ನಾಲ್ಕು ಯೂನಿಟ್. ಒಂದು ಬಾಟಲಿ ಬಿಯರ್ ಕುಡಿದ ಹುಡುಗ ನಾಲ್ಕು ಸ್ಮಾಲ್ ವಿಸ್ಕಿ ಕುಡಿದಂತೆ. ಒಂದು ಯೂನಿಟ್ ಕರಗಿಸಲು ಲಿವರ್‌ಗೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ಅಂದರೆ ಆ ಒಂದು ಬಾಟಲಿಗೆ ನಾಲ್ಕು ಗಂಟೆ. ಮೈತೂಕ ಕಮ್ಮಿ ಇರುವವರಿಗೆ, ಹುಡುಗಿಯರಿಗೆ ಅಷ್ಟೇ ಪ್ರಮಾಣ ಇನ್ನೂ ಬೇಗ, ಇನ್ನೂ ಜೋರಾಗಿ ಏರುತ್ತದೆ.

ಬೇಡ ಅನ್ನುವುದಕ್ಕೂ ಮಕ್ಕಳಿಗೆ ಮಾತು ಕೊಡಿ. ‘ನಾಳೆ ಬೆಳಿಗ್ಗೆ ಮ್ಯಾಚ್ ಇದೆ’, ‘ಆಂಟಿಬಯೋಟಿಕ್ ತಗೋತಿದೀನಿ’, ‘ನಮ್ಮಪ್ಪ ಬಾಯಿ ಮೂಸ್ತಾರೆ ಕಣೋ’. ನಿಮ್ಮನ್ನು ಕೆಟ್ಟವರನ್ನಾಗಿ ಮಾಡಿ ತಪ್ಪಿಸಿಕೊಂಡರೂ ಪರವಾಗಿಲ್ಲ. ಅದಕ್ಕೆ ಅನುಮತಿ ಕೊಟ್ಟಿದ್ದೇನೆ ಅಂತ ಹೇಳಿಬಿಡಿ.

4. ಬೇರೆಯವರ ಮನೆಗೆ ಕಳಿಸುವ ಮುಂಚೆ

ಐದು ಪ್ರಶ್ನೆ: ಎಲ್ಲಿ, ಯಾರ್ಯಾರು, ದೊಡ್ಡವರು ಯಾರು ಇರುತ್ತಾರೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಹೇಗೆ ವಾಪಸ್ ಬರುವುದು. ಐದರಲ್ಲಿ ಯಾವುದಕ್ಕಾದರೂ ‘ಆಮೇಲೆ ಹೇಳ್ತೀನಿ’ ಅಂತ ಬಂದರೆ ಅನುಮತಿಯೂ ಆಮೇಲೆಯೇ.

ನಂತರ ಆ ಮನೆಯವರಿಗೆ ಫೋನ್ ಮಾಡಿ. ಹೆಚ್ಚಿನವರು ಇಲ್ಲಿ ಹಿಂಜರಿಯುತ್ತಾರೆ. ‘ಏನಂದುಕೊಳ್ಳುತ್ತಾರೋ’ ಅಂತ. ಮಾತು ಹೀಗೆ ಶುರುವಾಗಲಿ: ‘ನಮಸ್ಕಾರ, ನಾನು ನಿಮ್ಮ ಮಗಳ ಫ್ರೆಂಡ್‌ನ ಅಮ್ಮ. ಶನಿವಾರ ಕರೆದಿದ್ದೀರಲ್ಲ, ಥ್ಯಾಂಕ್ಸ್. ನೀವು ಮನೇಲೇ ಇರ್ತೀರಾ? ತಿಂಡಿ ಏನಾದ್ರೂ ಮಾಡಿ ಕಳಿಸಲಾ? ಇನ್ನೊಂದು ಕೇಳಬೇಕಿತ್ತು, ಮಕ್ಕಳಿಗೆ ಡ್ರಿಂಕ್ಸ್ ಏನೂ ಇರಲ್ಲ ಅಲ್ವಾ?’ ಅಷ್ಟೇ. ‘ಅಯ್ಯೋ, ಏನೂ ಇಲ್ಲ’ ಅಂದರೆ ನಿಶ್ಚಿಂತೆ. ‘ಸ್ವಲ್ಪ ಬಿಯರ್ ಇರುತ್ತೆ, ನಾವು ಇರ್ತೀವಲ್ಲ’ ಅಂದರೆ, ಆ ಪಾರ್ಟಿಗೆ ಕಳಿಸಬೇಡಿ. ಊಟಕ್ಕೆ ಮಾತ್ರ ಕಳಿಸಿ ಎಂಟೂವರೆಗೆ ಕರೆತರುವುದೂ ಒಂದು ದಾರಿ.

ನಿಮ್ಮ ಮಗಳು ಈ ಫೋನ್ ಕಾಲಿಗೆ ಸಿಡುಕುತ್ತಾಳೆ. ‘ನನ್ನ ಮರ್ಯಾದೆ ತೆಗೀತೀಯಾ’ ಅಂತಾಳೆ. ಮೊದಲೇ ಹೇಳಿ ಫೋನ್ ಮಾಡಿ, ಬೆನ್ನ ಹಿಂದೆ ಮಾಡಬೇಡಿ. ಒಂದೆರಡು ಸಲ ಆದ ಮೇಲೆ ರೂಢಿಯಾಗುತ್ತದೆ.

ಒಬ್ಬರೇ ಮಾಡಿದರೆ ಕಷ್ಟ. ನಾಲ್ಕೈದು ಮನೆಯವರು ಸೇರಿದರೆ ಸುಲಭ. ಐಸ್‌ಲ್ಯಾಂಡ್ ದೇಶದಲ್ಲಿ 1998ರಲ್ಲಿ 15-16ರ ಮಕ್ಕಳಲ್ಲಿ ಶೇಕಡ 42ರಷ್ಟು ಮಂದಿ ಹಿಂದಿನ ತಿಂಗಳಲ್ಲಿ ಕುಡಿದು ಮತ್ತರಾಗಿದ್ದೆವು ಅಂದಿದ್ದರು. 2016ಕ್ಕೆ ಅದು ಶೇಕಡ 5ಕ್ಕೆ ಇಳಿಯಿತು. ಅದಕ್ಕೆ ಹಲವು ಕಾರಣಗಳಿವೆ, ಆಟ-ಸಂಗೀತಕ್ಕೆ ಸರ್ಕಾರ ಕೊಟ್ಟ ದುಡ್ಡೂ ಸೇರಿ. ಆದರೆ ಅಲ್ಲಿ ಶಾಲೆಯ ಪೋಷಕರು ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಿದ್ದರು. ದೊಡ್ಡವರಿಲ್ಲದ ಪಾರ್ಟಿ ಇಲ್ಲ, ಮಕ್ಕಳಿಗೆ ಮದ್ಯ ಕೊಳ್ಳುವುದಿಲ್ಲ, ಬೇರೆಯವರ ಮಕ್ಕಳ ಮೇಲೂ ಕಣ್ಣಿಡುತ್ತೇವೆ ಅಂತ. ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಹೋಂವರ್ಕ್ ಫೋಟೊ ಹಂಚುವ ನಾವು ಈ ಮೂರು ಸಾಲನ್ನೂ ಹಾಕಬಹುದು.

ಎಚ್ಚರಿಕೆ: ಹೋಂಸ್ಟೇ, ಫಾರ್ಮ್‌ಹೌಸ್, ಸರ್ವಿಸ್ ಅಪಾರ್ಟ್‌ಮೆಂಟ್. ಯಾರದೋ ಅಣ್ಣನ ಹೆಸರಲ್ಲಿ ಬುಕ್ ಆಗಿರುತ್ತದೆ. ಸಕಲೇಶಪುರ, ಚಿಕ್ಕಮಗಳೂರು ಕಡೆ ‘ಒಂದು ರಾತ್ರಿ ಅಷ್ಟೇ’ ಅಂತಾರೆ. ಕತ್ತಲು, ಕೆರೆ ಅಥವಾ ಈಜುಕೊಳ, ಆಸ್ಪತ್ರೆ ದೂರ, ನೆಟ್‌ವರ್ಕ್ ಸಿಗದ ಜಾಗ. ಜವಾಬ್ದಾರಿ ಇರುವ ದೊಡ್ಡವರು ಇಲ್ಲದೆ ಇಂಥ ಕಡೆ ರಾತ್ರಿ ಉಳಿಯಲು ಬಿಡಲೇಬೇಡಿ. ಈ ಒಂದು ವಿಷಯದಲ್ಲಿ ಚೌಕಾಸಿ ಬೇಡ.

5. ಪಾರ್ಟಿ ನಿಮ್ಮ ಮನೆಯಲ್ಲೇ ಆದರೆ

ಮಾಡಿ. ಮಕ್ಕಳು ನಮ್ಮ ಮನೆಗೆ ಬರುವುದು ಒಳ್ಳೆಯದೇ. ಆದರೆ ‘ನಾವಿದ್ದರೆ ಮುಜುಗರ’ ಅಂತ ಸಿನಿಮಾಗೆ ಹೋಗಿಬಿಡಬೇಡಿ. ಮನೆಯಲ್ಲೇ ಇರಿ. ಅವರ ಮಧ್ಯೆ ಕೂರುವುದು ಬೇಡ, ಒಳಗೆ ಇದ್ದು ಆಗಾಗ ಓಡಾಡಿ. ಬಿಸಿ ಬೋಂಡಾ ತಟ್ಟೆ ಹಿಡಿದು ಅರ್ಧ ಗಂಟೆಗೊಮ್ಮೆ ಹೋದರೆ ಯಾರಿಗೂ ಬೇಜಾರಾಗುವುದಿಲ್ಲ.

ಪಾರ್ಟಿ ಹಾಲ್‌ನಲ್ಲಿ ಆಗಲಿ, ತಾರಸಿಯಲ್ಲಿ ಬೇಡ. ತಾರಸಿ ಅಂದರೆ ಕತ್ತಲು ಮೂಲೆ, ಮೋಟುಗೋಡೆ, ನೀರಿನ ಟ್ಯಾಂಕ್. ಬಾಟಲಿ ಬಚ್ಚಿಡುವುದು ಆ ಟ್ಯಾಂಕಿನ ಹಿಂದೆಯೇ. ಕುಡಿದವರು ಒರಗುವುದು ಆ ಮೋಟುಗೋಡೆಗೇ.

ಮಕ್ಕಳು ಮದ್ಯವನ್ನು ಬಾಟಲಿಯಲ್ಲಿ ತರುವುದಿಲ್ಲ. ಕೂಲ್‌ಡ್ರಿಂಕ್ ಬಾಟಲಿಯಲ್ಲಿ, ಸ್ಟೀಲ್ ನೀರಿನ ಬಾಟಲಿಯಲ್ಲಿ ಬೆರೆಸಿ ತರುತ್ತಾರೆ. ವೋಡ್ಕಾಗೆ ಬಣ್ಣ ಇಲ್ಲ, ವಾಸನೆಯೂ ಕಮ್ಮಿ. ಗುರುತು ಹಿಡಿಯುವುದು ಹೀಗೆ: ಹೊರಗಿನಿಂದ ಬಂದ ಕೂಲ್‌ಡ್ರಿಂಕ್ ಬಾಟಲಿಯ ಮುಚ್ಚಳದ ಕೆಳಗಿನ ಪ್ಲಾಸ್ಟಿಕ್ ಉಂಗುರ ಮೊದಲೇ ಬಿಟ್ಟುಕೊಂಡಿರುತ್ತದೆ. ತಿರುಗಿಸಿದಾಗ ‘ಟಕ್’ ಅನ್ನುವುದಿಲ್ಲ, ಗ್ಯಾಸ್ ‘ಸುಯ್’ ಅಂತ ಬರುವುದಿಲ್ಲ. ಇದಕ್ಕೆ ಮಕ್ಕಳ ಬ್ಯಾಗ್ ತಡಕುವ ಅವಮಾನದ ಕೆಲಸ ಬೇಕಿಲ್ಲ. ‘ಕುಡಿಯೋಕೆ ಎಲ್ಲಾ ನಾವೇ ಇಟ್ಟಿದೀವಿ, ಹೊರಗಿನ ಬಾಟಲಿ ಬೇಡ, ಬ್ಯಾಗ್ ಈ ರೂಮಲ್ಲಿಡಿ’ ಅಂತ ಆಹ್ವಾನ ಕಳಿಸುವಾಗಲೇ ಹೇಳಿಬಿಡಿ.

ಎನರ್ಜಿ ಡ್ರಿಂಕ್ ತರಿಸಬೇಡಿ. ಅದರಲ್ಲಿರುವ ಕೆಫೀನ್, ಅಂದರೆ ಕಾಫಿಯಲ್ಲಿರುವ ಎಚ್ಚರದ ಅಂಶ, ಮದ್ಯದ ಜೊತೆ ಸೇರಿದರೆ ಅಮಲು ಏರಿದ್ದು ಗೊತ್ತಾಗುವುದಿಲ್ಲ. ‘ನಾನು ಸರಿಯಾಗೇ ಇದೀನಿ’ ಅಂತ ಇನ್ನೂ ಕುಡಿಯುತ್ತಾರೆ, ಗಾಡಿಯನ್ನೂ ತೆಗೆಯುತ್ತಾರೆ.

ಯಾರಾದರೂ ಕುಡಿದು ಬಂದರೆ ಅಥವಾ ಒಳಗೆ ಕುಡಿದಿದ್ದು ಗೊತ್ತಾದರೆ, ಅವನ ಗಾಡಿ ಕೀ ನಿಮ್ಮ ಕೈಗೆ ಬರಲಿ. ಅವನ ಮನೆಗೆ ನೀವೇ ಫೋನ್ ಮಾಡಿ. ಆಟೋ ಹತ್ತಿಸಿ ಕಳಿಸಿಬಿಡುವುದು, ‘ಹೊರಗೆ ಹೋಗು’ ಅಂತ ಗೇಟಿನಾಚೆ ದಬ್ಬುವುದು ಬೇಡ. ಅಪ್ಪ-ಅಮ್ಮ ಬರುವವರೆಗೆ ಆ ಮಗು ನಿಮ್ಮ ಜವಾಬ್ದಾರಿ.

6. ಕರೆತರುವ ಒಪ್ಪಂದ ಮಾಡಿಕೊಳ್ಳಿ

ಎಲ್ಲ ಮುನ್ನೆಚ್ಚರಿಕೆಯ ನಂತರವೂ ಮಕ್ಕಳು ಸಿಕ್ಕಿಹಾಕಿಕೊಳ್ಳಬಹುದು. ಗೆಳೆಯರೆದುರು ‘ಅಮ್ಮಾ ಬಾ’ ಅನ್ನಲು ನಾಚಿಕೆ. ಅದಕ್ಕೆ ಒಂದು ಗುಟ್ಟಿನ ಸಂದೇಶ ಇಟ್ಟುಕೊಳ್ಳಿ. ‘ಅಜ್ಜಿಗೆ ಮಾತ್ರೆ ಕೊಟ್ರಾ?’ ಅಂತ ಮೆಸೇಜ್ ಬಂದರೆ ನೀವು ತಿರುಗಿ ಫೋನ್ ಮಾಡಿ ‘ಅಜ್ಜಿಗೆ ಹುಷಾರಿಲ್ಲ, ಈಗಲೇ ಬರ್ತಿದೀನಿ, ರೆಡಿ ಇರು’ ಅನ್ನಬೇಕು. ಲೊಕೇಶನ್ ಕಳಿಸುವುದು ಅವರ ಕೆಲಸ, ಹೊರಡುವುದು ನಿಮ್ಮದು.

ಒಪ್ಪಂದದ ನಿಮ್ಮ ಭಾಗ ದೊಡ್ಡದು. ಕಾರಿನಲ್ಲಿ ಬೈಗುಳ ಇಲ್ಲ. ಅಲ್ಲಿದ್ದವರ ಮುಂದೆ ರಂಪ ಇಲ್ಲ. ಮಾರನೇ ದಿನ ನೆಂಟರಿಗೆಲ್ಲ ಹೇಳಿಕೊಂಡು ಅಳುವುದಿಲ್ಲ. ಇದನ್ನು ಒಂದು ಸಲ ಮುರಿದರೆ ಮುಂದಿನ ಸಲ ಫೋನ್ ಬರುವುದಿಲ್ಲ.

ಇದು ಕುಡಿಯಲು ಪರವಾನಗಿ ಆಗುವುದಿಲ್ಲವಾ ಅಂತ ಕೇಳುತ್ತಾರೆ. ಆಗುವುದಿಲ್ಲ, ಯಾಕೆಂದರೆ ಬೆಳಿಗ್ಗೆ ಮಾತು ಇದ್ದೇ ಇದೆ. ರಾತ್ರಿ ಜೀವ ಉಳಿಸುವ ಹೊತ್ತು.

ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಒಂದೇ ನಿಯಮ ಇರಲಿ. ಜೊತೆಗೆ ಹೋದವರು ಜೊತೆಗೇ ಬರಬೇಕು, ಅಮಲಿನಲ್ಲಿರುವ ಗೆಳತಿಯನ್ನು ಒಬ್ಬಳನ್ನೇ ಬಿಡಬಾರದು, ಅವಳ ಫೋಟೊ-ವಿಡಿಯೋ ಯಾರೂ ತೆಗೆಯಬಾರದು. ಎಚ್ಚರ ಇಲ್ಲದವರ ಮೈ ಮುಟ್ಟುವುದು ಅಪರಾಧ ಅಂತ ಗಂಡುಮಕ್ಕಳಿಗೆ ಬಿಡಿಸಿ ಹೇಳಿ. ಈ ಮಾತನ್ನು ಮಗಳಿಗೆ ಮಾತ್ರ ಹೇಳಿ, ಮಗನಿಗೆ ಹೇಳದೆ ಬಿಡುವ ಮನೆಗಳೇ ಜಾಸ್ತಿ.

7. ಕುಡಿದು ಬಂದರೆ, ಆ ರಾತ್ರಿ

ಇದನ್ನು ನಿಧಾನವಾಗಿ ಓದಿ. ಪ್ರಾಣ ಹೋಗುವುದು ಇಲ್ಲೇ.

‘ಮಲಗಿ ಎದ್ದರೆ ಸರಿ ಹೋಗುತ್ತೆ’ ಅಂತ ರೂಮಿನಲ್ಲಿ ಮಲಗಿಸಿ ಬಾಗಿಲು ಹಾಕಿಬಿಡುತ್ತೇವೆ. ಕೊನೆಯ ಗ್ಲಾಸ್ ಹೊಟ್ಟೆಗೆ ಹೋದ ಮೇಲೂ ರಕ್ತದಲ್ಲಿ ಮದ್ಯದ ಪ್ರಮಾಣ ಏರುತ್ತಲೇ ಇರುತ್ತದೆ. ಹತ್ತು ಗಂಟೆಗೆ ತೊದಲುತ್ತಾ ಒಳಗೆ ಬಂದವನು ಹನ್ನೊಂದಕ್ಕೆ ಎಬ್ಬಿಸಿದರೂ ಏಳದ ಸ್ಥಿತಿಗೆ ಹೋಗಬಹುದು. ಅಂಗಾತ ಮಲಗಿದವರು ವಾಂತಿ ಮಾಡಿದರೆ ಅದು ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟುತ್ತದೆ.

ಕೂಡಲೇ 108ಕ್ಕೆ ಫೋನ್ ಮಾಡಬೇಕಾದ ಲಕ್ಷಣಗಳು:

- ಭುಜ ಅಲ್ಲಾಡಿಸಿ ಜೋರಾಗಿ ಕರೆದರೂ, ಚಿವುಟಿದರೂ ಏಳುತ್ತಿಲ್ಲ.
- ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಮ್ಮಿ, ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಜಾಸ್ತಿ ಅಂತರ. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಿ.
- ತುಟಿ, ಉಗುರು ನೀಲಿ ಅಥವಾ ಬಿಳಿಚಿವೆ. ಮೈ ತಣ್ಣಗಿದೆ.
- ಫಿಟ್ಸ್ ಬಂದಿದೆ.
- ಎಚ್ಚರ ಇಲ್ಲದೆಯೇ ವಾಂತಿಯಾಗುತ್ತಿದೆ.
- ತಲೆಗೆ ಪೆಟ್ಟು ಬಿದ್ದಿದೆ, ಅಥವಾ ಮಾತ್ರೆ, ಕೆಮ್ಮಿನ ಸಿರಪ್, ಬೇರೆ ಏನಾದರೂ ಸೇರಿಸಿ ತೆಗೆದುಕೊಂಡ ಅನುಮಾನ.

ಇದರಲ್ಲಿ ಒಂದಿದ್ದರೂ ಸಾಕು. ಎಲ್ಲ ಸೇರುವವರೆಗೆ ಕಾಯಬೇಡಿ.

ಆಂಬುಲೆನ್ಸ್ ಬರುವವರೆಗೆ ಒಂದು ಮಗ್ಗುಲಿಗೆ ಮಲಗಿಸಿ. ಮೇಲಿನ ಕಾಲು ಮಂಡಿ ಮಡಿಸಿ ಮುಂದಕ್ಕಿರಲಿ, ಮೇಲಿನ ಕೈ ಕೆನ್ನೆಯ ಕೆಳಗೆ. ಗದ್ದ ಸ್ವಲ್ಪ ಮೇಲಕ್ಕೆತ್ತಿ, ಬಾಯಿ ನೆಲದ ಕಡೆ. ವಾಂತಿ ಬಂದರೆ ಹೊರಗೆ ಹರಿದುಹೋಗುತ್ತದೆ. ಬೆನ್ನಿಗೆ ದಿಂಬು ಕೊಡಿ, ಅಂಗಾತ ಹೊರಳದ ಹಾಗೆ. ಕಂಬಳಿ ಹೊದಿಸಿ. ಒಬ್ಬರು ಪಕ್ಕದಲ್ಲೇ ಇರಬೇಕು.

ಮಾಡಬಾರದ್ದು: ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು. ತಲೆ ಮೇಲೆ ತಣ್ಣೀರು ಸುರಿಯುವುದು, ಅದರಿಂದ ಮೈ ಇನ್ನೂ ತಣ್ಣಗಾಗುತ್ತದೆ, ಜಾರಿ ಬೀಳುವ ಅಪಾಯ ಬೇರೆ. ಅರೆ ಎಚ್ಚರದಲ್ಲಿರುವವರಿಗೆ ಮಜ್ಜಿಗೆ, ನಿಂಬೆ ಪಾನಕ, ಕಾಫಿ ಕುಡಿಸುವುದು. ಅಮಲು ಇಳಿಸುವ ಶಕ್ತಿ ಇವು ಯಾವುದಕ್ಕೂ ಇಲ್ಲ. ಲಿವರ್ ತನ್ನ ವೇಗದಲ್ಲೇ ಕೆಲಸ ಮಾಡುತ್ತದೆ. ತಲೆನೋವಿನ ಮಾತ್ರೆ, ನಿದ್ದೆ ಮಾತ್ರೆ ವೈದ್ಯರನ್ನು ಕೇಳದೆ ಕೊಡಬೇಡಿ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ತಡ ಮಾಡುತ್ತಾರೆ. ಎಂಎಲ್‌ಸಿ ಅಂತ ಆಸ್ಪತ್ರೆಯವರು ಬರೆದುಕೊಳ್ಳಬಹುದು. ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಅಂತ ದಾಖಲಿಸುವುದು. ಆ ಚಿಂತೆ ಆಮೇಲೆ. ಏನು ಕುಡಿದ, ಎಷ್ಟು, ಎಷ್ಟು ಹೊತ್ತಿಗೆ, ಜೊತೆಗೆ ಇನ್ನೇನು, ಈ ನಾಲ್ಕನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಗೊತ್ತಿಲ್ಲದಿದ್ದರೆ ಅವನ ಗೆಳೆಯರಿಗೆ ಫೋನ್ ಮಾಡಿ ‘ಯಾರನ್ನೂ ಬೈಯಲ್ಲ, ಏನು ಕುಡಿದ ಹೇಳಿ ಸಾಕು’ ಅನ್ನಿ.

ಇಂಥ ಲಕ್ಷಣ ಇಲ್ಲ, ಮಾತಾಡಿಸಿದರೆ ಉತ್ತರ ಕೊಡುತ್ತಾನೆ ಅಂದರೆ ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲಿ ಬಕೆಟ್ ಇಟ್ಟು, ದೀಪ ಆರಿಸದೆ ಅದೇ ಕೋಣೆಯಲ್ಲಿ ಇರಿ. ಆಗಾಗ ಎಬ್ಬಿಸಿ ಮಾತಾಡಿಸಿ.

8. ಮಾರನೇ ದಿನ

ತಿಂಡಿ ತಿಂದ ಮೇಲೆ ಮಾತಾಡಿ. ಅಪ್ಪ-ಅಮ್ಮ ಇಬ್ಬರೂ ಇರಲಿ, ಅಜ್ಜಿ-ತಾತ ಬೇಡ. ‘ರಾತ್ರಿ ನಮಗೆ ತುಂಬ ಹೆದರಿಕೆ ಆಯ್ತು’ ಅಂತ ಶುರು ಮಾಡಿ. ಅದು ನಿಜ ಕೂಡ. ಆಮೇಲೆ ಕೇಳಿಸಿಕೊಳ್ಳಿ: ಎಲ್ಲಿಂದ ಬಂತು, ಯಾರು ತಂದರು, ಎಷ್ಟನೇ ಸಲ, ಯಾಕೆ ಬೇಡ ಅನ್ನಲು ಆಗಲಿಲ್ಲ.

ಫೋನ್ ಮಾಡಿ ಕರೆಸಿಕೊಂಡಿದ್ದರೆ ‘ಫೋನ್ ಮಾಡಿದ್ದು ಒಳ್ಳೇದಾಯ್ತು’ ಅಂತ ಮೊದಲು ಹೇಳಿ. ಅದರ ನಂತರವೂ ಪರಿಣಾಮ ಇರಲೇಬೇಕು. ಒಂದು ತಿಂಗಳು ರಾತ್ರಿ ಪಾರ್ಟಿ ಇಲ್ಲ, ಸ್ಕೂಟರ್ ಕೀ ಇಲ್ಲ, ಇಂಥವು. ಸಾಧ್ಯವಾಗುವಷ್ಟೇ ಹೇಳಿ, ಹೇಳಿದ್ದನ್ನು ಮಾಡಿ. ‘ಇನ್ನು ಮೇಲೆ ಮನೆ ಬಿಟ್ಟು ಎಲ್ಲೂ ಹೋಗಕೂಡದು’ ಅಂತ ಕೂಗಿ ಮೂರನೇ ದಿನ ಮರೆತರೆ ಮಾತಿಗೆ ಬೆಲೆ ಉಳಿಯುವುದಿಲ್ಲ. ಹೊಡೆಯುವುದು ಬೇಡ. ಫೋಟೊ ತೆಗೆದು ನೆಂಟರಿಗೆ ಕಳಿಸುವುದಂತೂ ಬೇಡವೇ ಬೇಡ.

ಮದ್ಯ ಸಿಕ್ಕಿದ್ದು ಇನ್ನೊಬ್ಬರ ಮನೆಯಲ್ಲಿ, ದೊಡ್ಡವರು ಗೊತ್ತಿದ್ದೇ ಬಿಟ್ಟಿದ್ದರು ಅಂತ ತಿಳಿದರೆ ಆ ಪೋಷಕರ ಜೊತೆ ಮಾತಾಡಿ. ಗುಂಪಿನಲ್ಲಿ ಬರೆಯಬೇಡಿ, ನೇರವಾಗಿ ಮಾತಾಡಿ. ‘ನಿಮ್ಮ ಮನೇಲಿ ಕುಡಿದು ನಮ್ಮ ಹುಡುಗನಿಗೆ ಹೀಗಾಯ್ತು. ನೀವೂ ಒಳ್ಳೇದಕ್ಕೇ ಅಂದುಕೊಂಡಿರಬಹುದು. ಇನ್ನು ಮೇಲೆ ನಮ್ಮ ಮಗನಿಗೆ ಕೊಡಬೇಡಿ.’ ಅವರು ಹಗುರವಾಗಿ ತೆಗೆದುಕೊಂಡರೆ ಆ ಮನೆಯ ಪಾರ್ಟಿಗೆ ಮತ್ತೆ ಕಳಿಸಬೇಡಿ. ಬೇಕೆಂದೇ ಮಕ್ಕಳಿಗೆ ಮದ್ಯ ಹಂಚುವ ಜಾಗ ಅಂತ ಗೊತ್ತಾದರೆ 1098 ಅಥವಾ 112ಕ್ಕೆ ತಿಳಿಸಬಹುದು.

ಒಂದು ಸಲ ಆಗಿದ್ದಕ್ಕೂ, ಮತ್ತೆ ಮತ್ತೆ ಆಗುವುದಕ್ಕೂ ವ್ಯತ್ಯಾಸ ಇದೆ. ಒಬ್ಬನೇ ಕೂತು ಕುಡಿಯುವುದು, ಮನೆಯಲ್ಲಿ ದುಡ್ಡು ಕಾಣೆಯಾಗುವುದು, ಮಾರ್ಕ್ಸ್ ಏಕಾಏಕಿ ಬೀಳುವುದು, ಹಳೇ ಗೆಳೆಯರನ್ನೆಲ್ಲ ಬಿಟ್ಟು ಹೊಸ ಗುಂಪು, ಬೆಳಿಗ್ಗೆ ಕೈ ನಡುಕ, ‘ಬದುಕೋದೇ ಬೇಡ’ ಅನ್ನುವ ಮಾತು. ಇವು ಕಂಡರೆ ಮನೆಯಲ್ಲೇ ಬುದ್ಧಿ ಹೇಳುತ್ತಾ ತಿಂಗಳು ಕಳೆಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಹಗಲು-ರಾತ್ರಿ ಯಾವಾಗಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಚಟ ಬಿಡಿಸುವ ನೆರವಿಗೆ ಕೇಂದ್ರದ ಸಹಾಯವಾಣಿ 14446 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ದೂರದವರು ಮೊದಲು ತಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಹೋಗುವಾಗ ಮಗುವಿಗೆ ಸುಳ್ಳು ಹೇಳಿ ಕರೆದೊಯ್ಯಬೇಡಿ. ಎಲ್ಲಿಗೆ, ಯಾಕೆ ಅಂತ ಹೇಳಿ. ವೈದ್ಯರ ಹತ್ತಿರ ಅವನು ಒಬ್ಬನೇ ಮಾತಾಡಲು ಸ್ವಲ್ಪ ಹೊತ್ತು ಬಿಟ್ಟು ನೀವು ಹೊರಗೆ ಕೂತಿರಿ.